ಗಾಡಿಯ ಬಳೆ

ಶ್ರಾವಣದ ಮೊದಲ ಸೋಮವಾರ. ಪುಣೆಯ ಧನಕವಡಿಯಲ್ಲಿ ಒಂದು ಮನೆಯ ಸ್ಲ್ಯಾಬು ಹಾಕುವ ಕೆಲಸ ನಡೆದಿತ್ತು. ಬೆಳಗಿನಿಂದ ಮಳೆ ಬಿಡುವು ಕೊಟ್ಟಿದ್ದರಿಂದ ಮುಕಾದಮ ಭೀಮಣ್ಣ ಆಳುಗಳನ್ನು ಕೂರಲು ಬಿಟ್ಟಿರಲಿಲ್ಲ. ಏಣಿಯ ಮೇಲೆ ಸಾಲಾಗಿ ನಿಂತವರು ಕಾಂಕ್ರೀಟಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಭೀಮಣ್ಣನಿಗೆ ಅಂದು ಉಪವಾಸ. ಹಣೆಗೆ ಅರಿಸಿನದ ಭಂಡಾರ ಹಚ್ಚಿಕೊಂಡು, ಧೋತರದ ಅಂಚು ಮೇಲಕ್ಕೆ ಸಿಕ್ಕಿಸಿಕೊಂಡು ಮಾಳಿಗೆಯ ಮೇಲೆ ನಿಂತಿದ್ದ.

ಕೆಳಗೆ ಒಂದು ಆಟೋರಿಕ್ಷಾ ಬಂದು ನಿಂತಿತು. ಅದರಿಂದ ಇಳಿದವನು ಸಂಕಪ್ಪ.

ಸಂಕಪ್ಪ ಯೆರವಡಾದಲ್ಲಿ ಭೀಮಣ್ಣನ ಓಣಿಯ ಮೂಲೆಗೆ ಹೋಟೆಲು ಇಟ್ಟಿದ್ದ ಕರಾವಳಿಯ ಮನುಷ್ಯ. ಓಣಿಯವರಿಗೆಲ್ಲ ಫೋನು ಬರುತ್ತಿದ್ದುದು ಅವನ ಹೋಟೆಲಿಗೇ. ತಿಂಡಿಯ ಹೊತ್ತಿನಲ್ಲಿ ಅವನು ಗಲ್ಲೆ ಬಿಟ್ಟು ಎದ್ದದ್ದನ್ನು ಯಾರೂ ಕಂಡವರಿಲ್ಲ. ಮಗಳ ನಿಶ್ಚಿತಾರ್ಥದ ದಿನವೂ ಇಡ್ಲಿ ಮುಗಿದ ಮೇಲೆ ಎದ್ದನೆಂದು ಓಣಿಯಲ್ಲಿ ನಗುತ್ತಿದ್ದರು. ಅಂಥವನು ಊರಿನ ಈ ತುದಿಗೆ, ಈ ಹೊತ್ತಿಗೆ, ಬರಿಗಾಲಲ್ಲಿ ಬಂದು ನಿಂತದ್ದನ್ನು ಕಂಡಾಗಲೇ ಭೀಮಣ್ಣ ಕೆಲಸ ಬಿಟ್ಟು ಮಾಳಿಗೆಯ ಅಂಚಿಗೆ ಬಂದ.

"ಒಮ್ಮೆ ಕೆಳಗೆ ಬನ್ನಿ ಮಾರಾಯ್ರೆ," ಎಂದ ಸಂಕಪ್ಪ. ಇಳಿದು ಬಂದವನ ಎರಡೂ ಕೈ ಹಿಡಿದುಕೊಂಡು ಹೇಳಿದ. ಸಾಸವಡದಿಂದ ಫೋನು ಬಂದಿತ್ತು. ಭೀಮಣ್ಣನ ತಮ್ಮ ಹುಲಿಗೆಪ್ಪ ತನ್ನ ಗಾಡಿಯಲ್ಲಿ ಜೇಜುರಿಗೆ ಬಾಡಿಗೆ ತೆಗೆದುಕೊಂಡು ಹೋಗಿದ್ದನಲ್ಲ, ದಿವೆ ಘಾಟಿಯಲ್ಲಿ ತೀರಿಕೊಂಡನಂತೆ.

ಭೀಮಣ್ಣ ಅಳಲಿಲ್ಲ. ಒಂದೇ ಮಾತು ಕೇಳಿದ.

"ಗಾಲಿ ಕಳಚಿತೇನ್ರಿ?"

ಸಂಕಪ್ಪನಿಗೆ ಅದು ಗೊತ್ತಿರಲಿಲ್ಲ. ಅರ್ಧ ಹಾಕಿದ ಸ್ಲ್ಯಾಬು ನಿಲ್ಲಿಸುವಂತಿಲ್ಲ. ಅದನ್ನು ಜೊತೆಗಾರ ಅವ್ವಣ್ಣನಿಗೆ ಒಪ್ಪಿಸಿ ಭೀಮಣ್ಣ ಸಿಮೆಂಟು ಮೆತ್ತಿದ ಕಾಲಲ್ಲೇ ರಿಕ್ಷಾ ಹತ್ತಿದ. ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಒಂದೇ ಚಿತ್ರ: ಘಾಟಿಯ ತಿರುವಿನಲ್ಲಿ ಗಾಲಿಯೊಂದು ತನ್ನಷ್ಟಕ್ಕೆ ತಾನು ಉರುಳಿ ಹೋಗುತ್ತಿದೆ, ಅದರ ಹಿಂದೆ ಬೆಳ್ಳಗೆ ಹೊಳೆಯುವ ಬಳೆ.

ಆ ಬಳೆಯ ಕಥೆ ಹೇಳಬೇಕು.

ಅಣ್ಣತಮ್ಮಂದಿರು ಸುರಪುರದ ಸೀಮೆಯವರು. ಭೀಮಣ್ಣ ಮೊದಲು ಬಂದು ಯೆರವಡಾದಲ್ಲಿ ಕಲ್ಲು ಮಣ್ಣು ಹೊತ್ತು ಮುಕಾದಮನಾದ. ಮನೆದೇವರು ಮೈಲಾರಲಿಂಗ, ಪುಣೆಗೆ ಬಂದ ಮೇಲೆ ಜೇಜುರಿಯ ಖಂಡೋಬನೇ ಅವನ ಮೈಲಾರನಾದ. ವಯಸ್ಸಿನಲ್ಲಿ ಬಹಳ ಕಿರಿಯನಾದ ಹುಲಿಗೆಪ್ಪನನ್ನು ಅವನೇ ಕರೆಸಿ ಸಾಕಿದ. ಹುಲಿಗೆಪ್ಪ ಬುಟ್ಟಿ ಹೊರಲಿಲ್ಲ. ತಾಲೀಮಿನಲ್ಲಿ ಕುಸ್ತಿ ಕಲಿತ, ಆಮೇಲೆ ಗಾಡಿ ಹೊಡೆಯುವುದನ್ನು ಕಲಿತ, ಕೊನೆಗೆ ಯಾರೋ ಓಡಿಸಿ ಬಿಟ್ಟ ಬಿಳಿ ಫಿಯಾಟೊಂದನ್ನು ತಂದು ಜೇಜುರಿಯ ಯಾತ್ರಿಕರಿಗೆ ಬಾಡಿಗೆಗೆ ಓಡಿಸತೊಡಗಿದ. ಹೆಂಡತಿ ಸಕ್ಕುಬಾಯಿ. ಮಕ್ಕಳಿಲ್ಲ. ಓಣಿಯವರು ಆ ಗಾಡಿಯನ್ನೇ ಅವರ ಮಗನೆನ್ನುತ್ತಿದ್ದರು.

ಸಾಯುವುದಕ್ಕೆ ಒಂದು ವರ್ಷ ಮೊದಲು, ಆಷಾಢದಲ್ಲಿ, ಹುಲಿಗೆಪ್ಪನಿಗೆ ಒಂದು ಹುಚ್ಚು ಹತ್ತಿತು. ಅವನ ಗೆಳೆಯ ಕೃಷ್ಣಾಜಿ ಹಡಪಸರದಲ್ಲಿ ಗಾಡಿ ರಿಪೇರಿಯ ಅಂಗಡಿ ಇಟ್ಟಿದ್ದ. ಹುಟ್ಟಿದ್ದು ಸೊಲ್ಲಾಪುರ, ಕನ್ನಡ ಮರಾಠಿ ಎರಡೂ ಅವನ ಬಾಯಲ್ಲಿ ಕಲಸಿ ಬರುತ್ತಿದ್ದವು. ರೇಸಿನ ಗಾಡಿಗಳಿಗೆ ಹೀಗೆ ಮಾಡುತ್ತಾರೆ ಎಂದು ಅವನು ಲೇಥಿನಲ್ಲಿ ದಪ್ಪನೆಯ ಅಲ್ಯೂಮಿನಿಯಂ ರಿಂಗುಗಳನ್ನು ಕಡೆಸಿ, ಗಾಲಿಗೂ ಗಾಲಿ ಕೂರುವ ಹಬ್ಬಿಗೂ ನಡುವೆ ಒಂದೊಂದನ್ನು ಇಟ್ಟು ಬಿಗಿದ. ಅದಕ್ಕೆ ಸ್ಪೇಸರ್ ಎಂದು ಹೆಸರು. ಗಾಲಿಗಳು ನಾಲ್ಕೂ ಹೊರಗೆ ಸರಿದು ನಿಂತವು. ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆಯಾಯಿತು. ತಾಲೀಮಿನ ಉಸ್ತಾದ ಏನು ಹೇಳುತ್ತಿದ್ದ, ಕಾಲು ಅಗಲಿಸಿ ನಿಂತವನನ್ನು ಕೆಡವುವವನಿಲ್ಲ ಎನ್ನುತ್ತಿದ್ದನಲ್ಲವೇ, ಈಗ ನೋಡಿರಿ ನನ್ನ ಪೈಲ್ವಾನ ಎಂದು ಹುಲಿಗೆಪ್ಪ ಓಣಿಯವರನ್ನೆಲ್ಲ ಕರೆದು ತೋರಿಸಿದ.

ಹೊರಗೆ ಸರಿದ ಗಾಲಿಗೆ ಮಡ್‌ಗಾರ್ಡಿನ ಮರೆ ತಪ್ಪಿತ್ತು. ಶ್ರಾವಣ ಬಂತು, ಮಳೆ ಬಂತು. ಒಂದು ಸೋಮವಾರ ಭೀಮಣ್ಣ ಸ್ನಾನ ಮಾಡಿ, ಮಡಿ ಧೋತರ ಉಟ್ಟು, ಕೈಯಲ್ಲಿ ಬಿಲ್ವಪತ್ರೆ ಹಿಡಿದು ಗುಡಿಗೆ ಹೊರಟಿದ್ದ. ಎದುರಿನಿಂದ ತಮ್ಮನ ಗಾಡಿ ಬಂತು. ಗುಂಡಿಯ ಕೆಸರು ಎದ್ದು ದೇವರ ಪತ್ರೆಯಿಂದ ಹಿಡಿದು ಮುಂಡಾಸಿನವರೆಗೆ ಅಣ್ಣನನ್ನು ಮೀಯಿಸಿತು. ಹುಲಿಗೆಪ್ಪ ಗಾಡಿ ನಿಲ್ಲಿಸಿ ಓಡಿ ಬಂದ. ಬಂದವನು ಕಾಲಿಗೆ ಬಿದ್ದಿದ್ದರೆ ಮುಗಿಯುತ್ತಿತ್ತು. ಅವನಿಗೆ ನಗು ತಡೆಯಲಾಗಲಿಲ್ಲ.

ಭೀಮಣ್ಣ ಗಾಲಿಯ ಕಡೆ ಬಗ್ಗಿ ನೋಡಿದ. ಗಾಲಿಯ ಹಿಂದೆ ಬಿಳಿಯ ರಿಂಗು ಹೊಳೆಯುತ್ತಿತ್ತು.

"ಹೆಂಡತಿಗಿ ಒಂದ್ ಜೊತಿ ಬಂಗಾರದ್ದು ಮಾಡಸ್ಲಿಲ್ಲ, ಗಾಡಿಗಿ ಬಳಿ ಇಡಸ್ಯಾನ ಧಣಿ," ಎಂದ.

ಓಣಿ ನಕ್ಕಿತು. ಹುಲಿಗೆಪ್ಪನೂ ನಕ್ಕ. ಆದರೆ ಭೀಮಣ್ಣನ ಸಿಟ್ಟು ಅಲ್ಲಿಗೆ ನಿಲ್ಲಲಿಲ್ಲ. ಅಪ್ಪನ ಬಂಡಿ ರಾತ್ರಿಯಲ್ಲಿ ದೀಪವಿಲ್ಲದೆ ಸಂತೆಯಿಂದ ಮನೆಗೆ ಬರುತ್ತಿತ್ತು, ಯಾಕೆ? ಊರ ಬಂಡಿಗಳ ಗಾಲಿಯ ಅಂತರ ಎಲ್ಲವೂ ಒಂದೇ. ಹಿರಿಯರು ಬಿಟ್ಟು ಹೋದ ಜಾಡಿನಲ್ಲಿ ಗಾಲಿ ಕೂತರೆ ಎತ್ತು ತಾನೇ ಹೋಗುತ್ತದೆ. "ನಿನ್ನ ಗಾಲಿ ಯಾರ ಜಾಡಿನ್ಯಾಗ ಕೂಡತಾವಪಾ?" ಎಂದು ಕೇಳಿದ.

"ಡಾಂಬರ್ ರೋಡಿಗಿ ಜಾಡ್ ಎಲ್ಲಿ ಅದ ಅಣ್ಣಾ?" ಎಂದ ಹುಲಿಗೆಪ್ಪ.

ಜನರ ಮುಂದೆ ಆ ಉತ್ತರ ಭೀಮಣ್ಣನಿಗೆ ಕೆಸರಿಗಿಂತ ಹೆಚ್ಚಾಗಿ ಹತ್ತಿತು. ಆ ಬಳೆ ಇರುವ ತನಕ ಈ ಗಾಡಿಯಲ್ಲಿ ಕೂಡುವುದಿಲ್ಲವೆಂದು ಅಲ್ಲೇ ಹೇಳಿದ. ಹೇಳಿದಂತೆ ನಡೆದುಕೊಂಡ. ಜೇಜುರಿಗೆ ಎಸ್.ಟಿ. ಬಸ್ಸಿನಲ್ಲಿ ಹೋದ. ಬಸ್ಸಿನ ಹಿಂದೆಯೇ ಹುಲಿಗೆಪ್ಪ ಖಾಲಿ ಗಾಡಿ ಓಡಿಸಿಕೊಂಡು ಹೋಗಿ, ಬೆಟ್ಟದ ಕೆಳಗೆ ಕೈಕಟ್ಟಿ ನಿಂತು, ವಾಪಸಾದರೂ ಕೂಡು ಅಣ್ಣಾ ಎಂದರೆ ಇವನು ಮುಖ ತಿರುಗಿಸಿದ. ಉಳಿದ ಮಾತು ಬಿಡಲಿಲ್ಲ, ಹಬ್ಬದ ಊಟ ಬಿಡಲಿಲ್ಲ, ಗಾಡಿಯೊಂದನ್ನೇ ಬಿಟ್ಟ. ಆದರೆ ಅವನು ಬಾಯಿ ಜಾರಿ ಆಡಿದ ಹೆಸರು ಮಾತ್ರ ಓಣಿಯಲ್ಲಿ ನಿಂತುಹೋಯಿತು. ಬಾಡಿಗೆಗೆ ಕರೆಯಲು ಬಂದವರು ಕೂಡ 'ಬಳೆಗಾಡಿ ಅದ ಏನ್ರಿ?' ಎಂದು ಕೇಳುವಂತಾಯಿತು.

ಸಾಸವಡದ ದವಾಖಾನೆಯ ಹೊರಗೆ ಆ ಗಾಡಿ ನಿಂತಿತ್ತು. ನಾಲ್ಕೂ ಗಾಲಿ ನೆಟ್ಟಗಿದ್ದವು. ಒಂದು ಗೀರು ಸಹ ಬಿದ್ದಿರಲಿಲ್ಲ.

ಸುದ್ದಿ ತಿಳಿದು ಮೊದಲೇ ಘಾಟಿಗೆ ಹೋಗಿ ಗಾಡಿಯನ್ನು ಇಲ್ಲಿಗೆ ತಂದಿದ್ದ ಕೃಷ್ಣಾಜಿ, ಯಾತ್ರಿಕರಿಂದ ಕೇಳಿದ್ದನ್ನು ಹೇಳಿದ. ಘಾಟಿ ಹತ್ತುವಾಗ ಹುಲಿಗೆಪ್ಪ ಬೆವರಿದ. ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿ, ಬ್ರೇಕು ಎಳೆದು, ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟ. ಯಾತ್ರಿಕರಿಗೆ ಹೆದರಬೇಡಿರೆಂದ. ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ನೀರು ಕೇಳಿದ. ನೀರು ಬರುವಷ್ಟರಲ್ಲಿ ಜೀವ ಹೋಗಿತ್ತು. ಎದೆಯ ರೋಗವೆಂದು ಡಾಕ್ಟರು ಬರೆದರು.

ಬಳೆಯದು ತಪ್ಪಿಲ್ಲ ಎಂದು ಭೀಮಣ್ಣನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಗಾಲಿ ಕಳಚಿದ್ದರೆ ಬೈಯುವುದಕ್ಕೆ ಒಂದು ಇರುತ್ತಿತ್ತು. ಈಗ ಆ ಸಿಟ್ಟು ಎಲ್ಲಿ ಇಡಬೇಕೆಂದು ತಿಳಿಯದೆ ಅವನು ದವಾಖಾನೆಯ ಅಂಗಳದಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗಿದ. ಹೆಣವನ್ನು ಟೆಂಪೋದಲ್ಲಿ ತಂದರು. ಫಿಯಾಟನ್ನು ಕೃಷ್ಣಾಜಿ ಹಿಂದಿನಿಂದ ನಿಧಾನವಾಗಿ ತಂದು ಓಣಿಯಲ್ಲಿ ನಿಲ್ಲಿಸಿದ. ಮಣ್ಣು ಮಾಡಿದ ಮೇಲೆ, ಸೊಲ್ಲಾಪುರದಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆಂದು ಬಸ್ಸು ಹತ್ತಿದ.

ಮೂರನೆಯ ದಿನ ಕುಣಿಗೆ ಹಾಲು ಬಿಡಬೇಕು, ಎಡೆ ಇಡಬೇಕು. ಬೆಳಿಗ್ಗೆ ಹೆಂಗಸರು ಸಕ್ಕುಬಾಯಿಯನ್ನು ಕೂರಿಸಿ ಬಳೆ ಒಡೆದರು. ಓಣಿಗೆಲ್ಲ ಹಿರಿಯಳಾದ ಮರೆಮ್ಮ, ಇವರಿಗೆ ಸೋದರತ್ತೆ, ಕಣ್ಣು ಮಂಜಾದ ಮುದುಕಿ, ಒಡೆದ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಂಗಳಕ್ಕೆ ಬಂದಳು. ಕೈಯಿಂದ ತಡವಿ ಫಿಯಾಟಿನ ಬಾನೆಟ್ ಹಿಡಿದು ನಿಂತಳು.

"ಗಾಡೀದೂ ತಗೀರಿ," ಎಂದಳು. "ಧಣಿ ಹ್ವಾದ ಮ್ಯಾಲ ಇದಕ್ಯಾಕ ಬಳಿ?"

ಯಾರೂ ನಗಲಿಲ್ಲ. ಒಂದು ವರ್ಷದಿಂದ ಮುದುಕಿ ಅದನ್ನು ಬಳೆಯೆಂದೇ ಕೇಳಿದವಳು. ನೋಡಿದವಳಲ್ಲ. ಆಡಿದ ಮಾತು ಶಾಸ್ತ್ರದ ಮಾತಿನಂತೆ ಕೇಳಿಸಿತು. ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ಎಲ್ಲರೂ ಭೀಮಣ್ಣನ ಮುಖ ನೋಡಿದರು. ಅತ್ತೇ, ಅದು ಬಳೆಯಲ್ಲ, ನಾನು ಚೇಷ್ಟೆಗೆ ಇಟ್ಟ ಹೆಸರು ಎಂದರೆ ಮುಗಿದುಹೋಗುತ್ತಿತ್ತು. ಅವನು ಹಾಗೆನ್ನಲಿಲ್ಲ. ಶಾಸ್ತ್ರಕ್ಕೆ ತಪ್ಪಬಾರದು ಎಂದ.

ಒಳಗೆ ಗೋಡೆಗೆ ಒರಗಿ ಕೂತಿದ್ದ ಸಕ್ಕುಬಾಯಿ ಬಾಗಿಲಿಗೆ ಬಂದಳು. ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

"ಅವು ಬಳಿ ಅಲ್ರಿ ಭಾವಾ," ಎಂದಳು. "ನೀವು ಹಂಗ ಕರದ್ರಿ, ಅಷ್ಟ."

ಭೀಮಣ್ಣ ಕೇಳದವನಂತೆ ಅವ್ವಣ್ಣನ ಕಡೆ ಕೈ ಮಾಡಿದ. ಅವ್ವಣ್ಣ ಜಾಕ್ ಹಚ್ಚಿ ಒಂದೊಂದೇ ಗಾಲಿ ಬಿಚ್ಚಿ ರಿಂಗು ತೆಗೆದ. ಅದೇ ಬೋಲ್ಟುಗಳನ್ನು ಹಾಕಿ, ಪಾನಾ ತಿರುಗದಷ್ಟು ತಿರುಗಿಸಿ, ಗಟ್ಟಿಯಾಯಿತು ಎಂದು ಕೈ ಒರಸಿಕೊಂಡ. ಗಾಲಿಗಳು ಒಳಗೆ ಸರಿದವು. ಕಾಲು ಕೂಡಿಸಿ ನಿಂತ ಗಾಡಿ ಬಡವಾದಂತೆ ಕಂಡಿತು. ರಿಂಗುಗಳನ್ನು ಭೀಮಣ್ಣ ತನ್ನ ಬಗಲಚೀಲದಲ್ಲಿ ಹಾಕಿಕೊಂಡ. ಮುಂದೆ ಜೇಜುರಿಗೆ ಹೋದಾಗ ಕರ್ಹಾ ನದಿಗೆ ಬಿಟ್ಟುಬಿಡಬೇಕು ಎಂದುಕೊಂಡ.

ಮಸಣದಲ್ಲಿ ಎಡೆ ಇಟ್ಟರು. ಹೋಳಿಗೆ, ಅನ್ನ, ಹುಲಿಗೆಪ್ಪನಿಗೆ ಸೇರುತ್ತಿದ್ದ ಶೇಂಗಾ ಹಿಂಡಿ, ಒಂದು ಬೀಡಿ. ಎಲ್ಲರೂ ದೂರ ಸರಿದು ನಿಂತರು. ಮಸಣದ ಪಕ್ಕದ ಯೆರವಡಾ ಜೈಲಿನ ಗೋಡೆಯ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು. ಒಂದೂ ಇಳಿಯಲಿಲ್ಲ.

ಕಾಗೆ ಎಡೆ ಮುಟ್ಟದಿದ್ದರೆ ಸತ್ತವನ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ. ಏನು ಉಳಿದಿದೆಯೋ ಅದನ್ನು ಯಾರಾದರೂ ನಡೆಸಿಕೊಡುತ್ತೇನೆಂದು ಮಾತು ಕೊಡಬೇಕು. ಮರೆಮ್ಮ ಮೊದಲು ಮಾತು ಕೊಟ್ಟಳು: ಸಕ್ಕುಬಾಯಿಯನ್ನು ತವರಿಗೆ ಅಟ್ಟುವುದಿಲ್ಲ, ನಮ್ಮವಳಾಗಿ ಇಲ್ಲೇ ಇರುತ್ತಾಳೆ. ಕಾಗೆ ಬರಲಿಲ್ಲ. ಸಕ್ಕುಬಾಯಿಯ ಅಣ್ಣ ಈರಣ್ಣ, ಲಾರಿಯ ಡ್ರೈವರು, ಗಾಡಿಯನ್ನು ಬೇರೆಯವರ ಕೈಗೆ ಕೊಡುವುದಿಲ್ಲ, ತಾನೇ ಓಡಿಸುತ್ತೇನೆ ಎಂದ. ಕಾಗೆ ಬರಲಿಲ್ಲ. ಹೋಟೆಲಿನ ಸಂಕಪ್ಪ ಕೈ ಮುಗಿದು, ನನ್ನ ಹೋಟೆಲಿನ ಬಾಕಿ ಲೆಕ್ಕ ಎಲ್ಲ ಚುಕ್ತಾ ಎಂದು ಕಣ್ಣೊರಸಿಕೊಂಡ. ಅವ್ವಣ್ಣನಿಗೆ ತಾಳ್ಮೆ ತಪ್ಪಿತು.

"ಲೇ ಹುಲಿಗ್ಯಾ, ಆವತ್ತ ಕುಸ್ತ್ಯಾಗ ನಾನ ಮೋಸ ಮಾಡಿದ್ನಿ, ಗೆದ್ದಾಂವ ನೀನ. ಒಪ್ಪಿಕೊಂಡೀನಿ, ಬಾ ಇನ್ನ."

ಅಳುತ್ತಿದ್ದವರಿಗೂ ನಗು ಬಂತು. ಕಾಗೆಗಳು ಮಾತ್ರ ಗೋಡೆ ಬಿಡಲಿಲ್ಲ. ಭೀಮಣ್ಣನ ನಾಲಿಗೆಯ ಮೇಲೂ ಒಂದು ಮಾತು ಇತ್ತು. ಹೆಗಲಿನ ಚೀಲ ಭಾರವಾಗಿತ್ತು. ಆ ಮಾತನ್ನು ಅವನು ನುಂಗಿದ. ಜಿನುಗು ಮಳೆ ಹಿಡಿಯಿತು. ಅನ್ನ ನೆನೆದು ಎಲೆಯಿಂದ ಹರಿಯತೊಡಗಿತು. ಕಡೆಗೆ ಎಡೆಯನ್ನು ಆಕಳಿಗೆ ಕೊಟ್ಟು ಎಲ್ಲರೂ ತಲೆ ತಗ್ಗಿಸಿ ಮನೆಗೆ ಬಂದರು.

ಆಮೇಲಿನ ದಿನಗಳಲ್ಲಿ ಭೀಮಣ್ಣ ಒಂದು ಕಡೆ ಕೂರಲಿಲ್ಲ. ಕೆಲಸಕ್ಕೆ ಹೋಗಿ ಅರ್ಧದಲ್ಲಿ ಎದ್ದು ಬಂದ. ಜಪಕ್ಕೆ ಕೂತರೆ ಬೆರಳು ಎಣಿಕೆ ತಪ್ಪಿತು. ಊಟಕ್ಕೆ ಕೂತರೆ ಹೊರಗೆ ಕಾಗೆ ಕೂಗಿತೆಂದು ಎದ್ದು ಹೋದ. ಕಾಗೆ ಇರುತ್ತಿತ್ತು, ಮಾಳಿಗೆಯ ಮೇಲೆ, ತಂತಿಯ ಮೇಲೆ, ಸಂಕಪ್ಪನ ಹೋಟೆಲಿನ ಎಂಜಲೆಲೆಯ ಮೇಲೆ. ತಾನು ಹಿಡಿ ಅನ್ನ ಹಿಡಿದು ನಿಂತರೆ ಹಾರಿಹೋಗುತ್ತಿತ್ತು. ಓಣಿಯ ಎಲ್ಲ ಕಾಗೆಗಳೂ ತನಗೆ ಬೆನ್ನು ತಿರುಗಿಸಿವೆ ಎಂದು ಅವನಿಗೆ ಅನ್ನಿಸತೊಡಗಿತು.

ಮರೆಮ್ಮ ದಾರಿ ಹೇಳಿದಳು. ಜೀವ ಹೋದದ್ದು ಘಾಟಿಯಲ್ಲಿ. ಅದು ಇನ್ನೂ ಅಲ್ಲೇ ಕೂತಿದೆ, ಇಲ್ಲಿ ಕರೆದರೆ ಹೇಗೆ ಬಂದೀತು? ಎಡೆ ಅಲ್ಲಿಗೇ ಒಯ್ಯಿರಿ ಎಂದಳು. ಒಳ್ಳೆಯ ಮಾತೆಂದು ಎಲ್ಲರೂ ಒಪ್ಪಿದರು. ಮುಂದಿನ ವಾರದ ಬುಧವಾರ ಬೆಳಿಗ್ಗೆ ಈರಣ್ಣ ಫಿಯಾಟ್ ಹೊರಗೆ ತೆಗೆದ. ಸಕ್ಕುಬಾಯಿ ಎಡೆಯ ಬುಟ್ಟಿ ಹಿಡಿದು ಹಿಂದೆ ಕೂತಳು. ಮುಂದಿನ ಸೀಟು ಖಾಲಿ ಇತ್ತು. ಈರಣ್ಣ ಬಾಗಿಲು ತೆರೆದು, "ಬರ್ರಿ ಮಾವಾರ," ಎಂದ.

ಬಳೆಯನ್ನು ತಾನೇ ತೆಗೆಸಿದ್ದ, ಈಗ ಕೂಡಲಿಕ್ಕೆ ಅಡ್ಡಿ ಇರಲಿಲ್ಲ. ಆದರೂ ಭೀಮಣ್ಣನ ಕಾಲು ಮುಂದೆ ಬರಲಿಲ್ಲ. ತಮ್ಮ ಬೇಡಿಕೊಂಡಾಗ ಕೂಡದವನು, ಅವನು ಹೋದ ಮೇಲೆ, ಅವನ ಗಾಡಿಯ ಕಾಲು ಕಟ್ಟಿ ಕೂತಂತಾಗುತ್ತದೆ ಎನ್ನಿಸಿತು. ನೀವು ನಡೆಯಿರಿ, ನಾನು ಬಸ್ಸಿಗೆ ಬರುತ್ತೇನೆ ಎಂದ. ತಮ್ಮನ ಹೆಂಡತಿ ಕಿಟಕಿಯಿಂದ ತನ್ನನ್ನು ನೋಡಿದ ನೋಟ ಬಸ್ ನಿಲ್ದಾಣದ ತನಕ ಅವನ ಬೆನ್ನು ಬಿಡಲಿಲ್ಲ.

ಹಡಪಸರದಲ್ಲಿ ಸಾಸವಡದ ಬಸ್ಸಿಗಾಗಿ ನಿಂತಿದ್ದಾಗ ಸೊಲ್ಲಾಪುರದ ಬಸ್ಸು ಬಂತು. ಅದರಿಂದ ಕೃಷ್ಣಾಜಿ ಇಳಿದ. ತಾಯಿ ಸುಧಾರಿಸಿದ್ದಾಳೆ ಎಂದ. ಚೀಲದಲ್ಲಿ ಏನು ಇಷ್ಟು ಭಾರ ಹೊತ್ತಿದ್ದೀರಿ ಎಂದು ಕೃಷ್ಣಾಜಿ ಕೇಳಿದಾಗ, ಭೀಮಣ್ಣ ಚೀಲದ ಬಾಯಿ ಬಿಚ್ಚಿ ತೋರಿಸಿದ. ಮೂರನೆಯ ದಿನ ತೆಗೆಸಿದೆವು, ಗಾಡಿ ಈಗ ಘಾಟಿಗೆ ಹೋಗಿದೆ ಎಂದ.

ಕೃಷ್ಣಾಜಿ ಚೀಲದೊಳಗೆ ಕೈ ಹಾಕಿ ತಡಕಿದ.

"ಬೋಲ್ಟ್? ಬೋಲ್ಟ್ ಯಾವು ಹಾಕೀರಿ?"

"ಇದ್ದವ."

"ಅರೇ ದೇವಾ," ಎಂದ ಕೃಷ್ಣಾಜಿ. "ರಿಂಗಿನ ಸಲುವಾಗಿ ನಾ ಉದ್ದನ್ನ ಬೋಲ್ಟ್ ಹಾಕಿದ್ದೆ ಮುಕಾದಮ. ರಿಂಗ್ ತಗದ್ರ ಅವು ತಳಕ್ಕ ಹತ್ತಿ ನಿಂದರತಾವ. ಪಾನಾ ತಿರಗಂಗಿಲ್ಲ, ಬಿಗಿ ಆತು ಅಂತೀರಿ. ಗಾಲಿ ಸಡ್ಲೇ ಉಳಿತದ. ಘಾಟ್ ಚಢಾವಕ್ಕ, ಏರಿನ್ಯಾಗ, ಅದು ನಿಂದರೂದಿಲ್ಲ."

ಕಳಚಿ ಉರುಳುವ ಗಾಲಿ ಮತ್ತೆ ಭೀಮಣ್ಣನ ಕಣ್ಣ ಮುಂದೆ ಬಂತು. ಈ ಸಲ ಅದನ್ನು ಕಳಚಿದವನು ತಾನೇ.

ಬಸ್ಸಿನ ದಾರಿ ಕಾಯುವಂತಿರಲಿಲ್ಲ. ಕೃಷ್ಣಾಜಿ ಅಂಗಡಿಗೆ ಓಡಿ ಪಾನಾ ತಂದ. ಮಂಡಿಗೆ ತರಕಾರಿ ಹಾಕಿ ಖಾಲಿ ಬುಟ್ಟಿ ಹೊತ್ತು ಹಿಂತಿರುಗುತ್ತಿದ್ದ ಸಾಸವಡದ ಟೆಂಪೋವೊಂದಕ್ಕೆ ಅಡ್ಡ ನಿಂತು ಇಬ್ಬರೂ ಹತ್ತಿದರು. ಬುಟ್ಟಿಗಳ ನಡುವೆ ಕೂರಲಾರದೆ ಭೀಮಣ್ಣ ಹಲಗೆ ಹಿಡಿದು ನಿಂತೇ ಬಂದ. ಎದುರಿಗೆ ಜನರ ಗುಂಪು ಕಂಡಲ್ಲೆಲ್ಲ ಹೊರಗೆ ಬಗ್ಗಿ ಬಿಳಿ ಗಾಡಿಗಾಗಿ ಹುಡುಕಿದ. ಒಂದು ಕಡೆ ಮದುವೆಯ ದಿಬ್ಬಣ, ಒಂದು ಕಡೆ ಬಾವಿ ತೋಡುವವರು. ಬಾಯಲ್ಲಿ ಮೈಲಾರನ ಹೆಸರು ಬಿಟ್ಟು ಬೇರೆ ಇರಲಿಲ್ಲ. ಅದೂ ನಡುನಡುವೆ ತಪ್ಪಿ ತಮ್ಮನ ಹೆಸರಾಗುತ್ತಿತ್ತು.

ವಡಕಿಯ ಊರು ದಾಟಿ, ಘಾಟಿ ಶುರುವಾಗುವ ಮುಂಚೆ, ಬೇವಿನ ಮರದ ಕೆಳಗೆ ಬಿಳಿಯ ಫಿಯಾಟು ನಿಂತಿತ್ತು.

ಈರಣ್ಣ ಸಿಡುಕಿನಿಂದ ಬೀಡಿ ಸೇದುತ್ತ ನಿಂತಿದ್ದ. ಅವನು ಹೇಳಿದ ಪ್ರಕಾರ, ಫುರಸುಂಗಿ ದಾಟಿದಾಗಿನಿಂದ ಇವಳು ಗಾಡಿ ನಿಲ್ಲಿಸು ನಿಲ್ಲಿಸು ಎಂದು ತಲೆ ತಿಂದಿದ್ದಳು. ತನಗೆ ಏನೂ ಕೇಳಿಸಿರಲಿಲ್ಲ. ಲಾರಿ ಓಡಿಸುವ ಕಿವಿಗೆ ಇಂಥ ಸಣ್ಣ ಸದ್ದು ಹತ್ತುವುದಿಲ್ಲ. ಕೊನೆಗೆ ಅವಳು ಬಾಗಿಲು ತೆರೆದು ಇಳಿಯಲು ಹೋದಾಗ ನಿಲ್ಲಿಸಬೇಕಾಯಿತು.

ಸಕ್ಕುಬಾಯಿ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದಳು.

"ಹಿಂದಿನ ಗಾಲಿ ಟಕ್ ಟಕ್ ಅಂತು," ಎಂದಳು. "ಅವರ ಕೈಯಾಗಿದ್ದಾಗ ಎಂದೂ ಹಂಗ ಅಂದಿಲ್ಲ."

ಕೃಷ್ಣಾಜಿ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿದ. ಅದು ಹಾಲುಹಲ್ಲಿನಂತೆ ಆಡಿತು. ಈರಣ್ಣನ ಬಾಯಿಂದ ಬೀಡಿ ಕೆಳಗೆ ಬಿತ್ತು. ಭೀಮಣ್ಣ ಕೂತುಬಿಟ್ಟ. ತಮ್ಮ ತೀರಿಕೊಂಡ ದಿನದಿಂದ ಅವನು ನಿಜವಾಗಿ ಕೂತದ್ದು ಅದೇ ಮೊದಲು. ಕೆಸರಿನಲ್ಲಿ, ಮಡಿ ಧೋತರ ಉಟ್ಟು ಕೂತಿದ್ದ.

ಕೃಷ್ಣಾಜಿ ಜಾಕ್ ಹಚ್ಚಿ ಗಾಲಿ ಬಿಚ್ಚಿ ಕೈ ನೀಡಿದ. ಭೀಮಣ್ಣ ಚೀಲದಿಂದ ರಿಂಗು ತೆಗೆದ. ಅದನ್ನು ಇಷ್ಟು ಹತ್ತಿರದಿಂದ ಅವನು ನೋಡಿರಲೇ ಇಲ್ಲ. ಲೇಥು ಬಿಟ್ಟ ಸಣ್ಣ ಗೆರೆಗಳು ಸುತ್ತಲೂ ಒಂದರ ಪಕ್ಕ ಒಂದು ತಪ್ಪದೆ ಹೋಗಿದ್ದವು. ದೀಪಕ್ಕೆಂದು ತಂದ ಎಣ್ಣೆಯ ಶೀಶೆ ಚೀಲದಲ್ಲಿತ್ತು. ಅಪ್ಪ ಬಂಡಿಯ ಅಚ್ಚಿಗೆ ಹಚ್ಚುತ್ತಿದ್ದಂತೆ, ತಿಳಿಯದೆಯೇ, ಬೆರಳಿಗೆ ಎಣ್ಣೆ ಹಾಕಿಕೊಂಡು ರಿಂಗಿಗೆ ಸವರಲು ಹೋದ. ಕೃಷ್ಣಾಜಿ ಅವನ ಮಣಿಕಟ್ಟು ಹಿಡಿದ.

"ಎಣ್ಣಿ ಬ್ಯಾಡ್ರಿ. ಬಂಡಿದು ತಿರಗೂದಕ್ಕ ಇರತದ. ಇದು ಹಿಡಕೊಳ್ಳಾಕ ಅದ."

ಭೀಮಣ್ಣ ತಲೆಯ ಮುಂಡಾಸು ಬಿಚ್ಚಿ, ಅದರ ಸೆರಗಿನಿಂದ ರಿಂಗನ್ನು ಒರಸಿದ. ಗಾಲಿ ಬಿಚ್ಚಿದಂತೆಲ್ಲ ಒಂದೊಂದನ್ನೇ ಒರಸಿ ಕೊಟ್ಟ. ಬೋಲ್ಟುಗಳು ಕಚ್ಚಿ ಬಿಗಿಯುವಾಗ ಆಗುವ ಸದ್ದನ್ನು ಸಕ್ಕುಬಾಯಿ ತಲೆ ಓರೆ ಮಾಡಿ ಕೇಳುತ್ತಿದ್ದಳು. ಜಾಕ್ ಇಳಿದಾಗ ಗಾಡಿ ಕಾಲು ಅಗಲಿಸಿ ನೆಲದ ಮೇಲೆ ಕೂತಿತು.

ಈರಣ್ಣ ಈ ಸಲ ಯಾರನ್ನೂ ಕರೆಯುವ ಧೈರ್ಯ ಮಾಡಲಿಲ್ಲ. ಗಾಡಿಯ ಕೀಲಿಯನ್ನು ಕೃಷ್ಣಾಜಿಯ ಕೈಗೆ ಕೊಟ್ಟು ತಾನು ತಂಗಿಯ ಜೊತೆ ಹಿಂದೆ ಕೂತ. ಭೀಮಣ್ಣ ಗಾಡಿಯ ಸುತ್ತ ಒಂದು ಸುತ್ತು ಬಂದ. ನಾಲ್ಕೂ ಗಾಲಿಗೆ ಭಂಡಾರ ಹಚ್ಚಿದ. ಮುಂದಿನ ಬಾಗಿಲು ತೆರೆದು ನಿಂತ.

"ಸೀಟಿನ ಕೆಳಗ ಕಂಬಳಿ ಅದರಿ ಭಾವಾ," ಎಂದಳು ಸಕ್ಕುಬಾಯಿ. "ಹಾಸಿಕೊಳ್ರಿ. ಬಾಡಿಗೀದವರಿಗಿ ಅವರು ಅದನ್ನ ಕೊಡತಿರಲಿಲ್ಲ. ಅಣ್ಣ ಕೂತಾಗ ಹಾಸಬೇಕು ಅಂತಿದ್ರು."

ಭೀಮಣ್ಣ ಬಗ್ಗಿ ಕಂಬಳಿಯನ್ನು ಹೊರಗೆ ತೆಗೆದ. ಮಡಿಕೆ ಬಿಚ್ಚದ ಕಂಬಳಿ, ಉಣ್ಣೆಯ ವಾಸನೆ ಇನ್ನೂ ಹಸಿಯಾಗಿತ್ತು. ಅದನ್ನು ಸೀಟಿನ ಮೇಲೆ ಹಾಸಿದ. ಕೂತ.

ಘಾಟಿಯ ಮೊದಲ ತಿರುವು ಬಂದಾಗ ಅವನು ಬಾಗಿಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಗಾಡಿ ವಾಲಲಿಲ್ಲ. ಎರಡನೆಯ ತಿರುವಿನಲ್ಲಿ ಹಿಡಿಕೆ ಬಿಟ್ಟ. ಕೆಳಗೆ ಮಸ್ತಾನಿ ಕೆರೆ ಮಳೆಗೆ ತುಂಬಿ ಹೊಳೆಯುತ್ತಿತ್ತು. ಮುಂದೊಂದು ಗುಂಡಿಯ ಕೆಸರು ಎದ್ದು, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಒಬ್ಬ ಹೆಂಗಸಿನ ಸೀರೆಗೆ ಹಾರಿತು. ಆಕೆ ಮರಾಠಿಯಲ್ಲಿ ಗಾಡಿಯವನ ಏಳು ತಲೆಮಾರನ್ನು ಎತ್ತಿ ಆಡಿದಳು. ಭೀಮಣ್ಣ ಗಾಡಿ ನಿಲ್ಲಿಸಲು ಹೇಳಿ, ಇಳಿದು, ಕೈ ಮುಗಿದು, ನನ್ನ ತಮ್ಮನ ಗಾಡಿ ತಾಯಿ, ಗಾಲಿ ಸ್ವಲ್ಪ ಹೊರಗಿವೆ, ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದ. ಆಕೆ ಬೈಗುಳ ನಿಲ್ಲಿಸಿ ವಿಚಿತ್ರವಾಗಿ ನೋಡಿದಳು. ಹಿಂದಿನ ಸೀಟಿನಲ್ಲಿ ಸಕ್ಕುಬಾಯಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ.

ಕೃಷ್ಣಾಜಿ ಜಾಗ ತೋರಿಸಿದ. ಮೊಳಕಾಲೆತ್ತರದ ಕಟ್ಟೆ. ಅದರ ಹತ್ತಿರ, ರಸ್ತೆಯ ಅಂಚಿಗೆ, ಹುಲಿಗೆಪ್ಪ ಗಾಲಿಗೆ ಕೊಟ್ಟಿದ್ದ ಕಲ್ಲು ಹಾಗೆಯೇ ಬಿದ್ದಿತ್ತು. ಒಂದು ಬದಿಗೆ ಟೈರಿನ ಕರಿ ಇನ್ನೂ ಇತ್ತು. ಭೀಮಣ್ಣ ಅದನ್ನು ಎರಡೂ ಕೈಯಿಂದ ಎತ್ತಿ ಕಟ್ಟೆಯ ಮೇಲೆ ಇಟ್ಟು, ನೀರು ಹಾಕಿ ತೊಳೆದು, ಭಂಡಾರ ಹಚ್ಚಿದ. ಸಕ್ಕುಬಾಯಿ ಅದರ ಮುಂದೆ ಎಡೆ ಬಡಿಸಿದಳು. ಹುಲಿಗೆಪ್ಪ ಕೇಳಿದ್ದ, ಬರುವಷ್ಟರಲ್ಲಿ ತಡವಾಗಿದ್ದ ನೀರನ್ನು ಒಂದು ತಂಬಿಗೆ ತುಂಬ ಇಟ್ಟಳು.

ಎಲ್ಲರೂ ದೂರ ಸರಿದು ಆಕಾಶ ನೋಡತೊಡಗಿದರು. ಭೀಮಣ್ಣ ನೋಡಲಿಲ್ಲ. ಕಾಗೆ ಬಂದರೆ ದೇವರ ದಯೆ, ಬಾರದಿದ್ದರೂ ಕೊಡಬೇಕಾದದ್ದನ್ನು ಕೊಡಬೇಕು. ಇಷ್ಟು ದಿನ ಹಕ್ಕಿಯ ಬಾಯಿಂದ ಕೇಳಲು ಕಾದದ್ದು ಸಾಕು ಎಂದು ಅವನಿಗೆ ಅನ್ನಿಸಿತು. ಅವನು ಕಲ್ಲಿಗೆ ಬೆನ್ನು ಮಾಡದೆ, ಜೇಜುರಿ ಇದ್ದ ದಿಕ್ಕಿಗೆ ಮುಖ ಮಾಡಿ, ಒದ್ದೆ ನೆಲದ ಮೇಲೆ ಮೊಳಕಾಲೂರಿ, ಕಣ್ಣು ಮುಚ್ಚಿ ಕೈ ಜೋಡಿಸಿದ.

"ಏಳುಕೋಟಿ ಮೈಲಾರಲಿಂಗಾ, ನನ್ನ ತಮ್ಮ ಹುಲಿಗೆಪ್ಪ ನಿನ್ನ ಹಾದ್ಯಾಗ ಕುಂತು ಜೀವ ಬಿಟ್ಟಾನ. ನಿನ್ನ ಕಡಿ ಬರೂ ಮಂದೀನ ಸುರಕ್ಷಿತ ನಿಲ್ಲಿಸಿ ಆಮ್ಯಾಲ ಬಿಟ್ಟಾನ. ಅಂವ ಕೂಡು ಅಂದಲ್ಲಿ ನಾ ಕೂತು ಬಂದೀನಿ, ತಡಾ ಮಾಡಿ ಬಂದೀನಿ. ನನ್ನ ಸಲುವಾಗಿ ಅಂವ ಇನ್ನ ಹೊಳ್ಳಿ ನೋಡೂದು ಬ್ಯಾಡ. ನೀರಡಿಸಿ ಹೋಗ್ಯಾನ, ನೀರ ಕೊಡು. ದಣದಾನ, ನಿನ್ನ ಪಾದದ ಬದಿಗಿ ಅಗಲಾಗಿ ಜಾಗ ಕೊಡು. ಅಲ್ಲೆ ಅಂವ ಅಲುಗಲಾರದಂಗ, ತಣ್ಣಗ, ನಿಶ್ಚಿಂತಿ ಇರಲಿ, ನನ್ನಪ್ಪಾ."